ಬೇಲಿಯಾಚೆಯ ಟೋಪಿ

ಮೂಗಿನ ತುದಿಗೆ ಬಂದು ನಿಂತಿದೆ ಒಂದು ಹನಿ, ಬೀಳೋದೂ ಇಲ್ಲ, ಒರೆಸೋ ಹಾಗೂ ಇಲ್ಲ, ಕೈ ಎತ್ತಿದರೆ ಕಾಡಿಗೆಲ್ಲ ಸುದ್ದಿ, ಇರಲಿ ಬಿಡು, ಈಚೆ ಮರದ ಮೇಲೆ ಕೂತ ಆರ್ನೆಯ ಮೂಗು ತಾನೇ, ಹುಟ್ಟಿದಾಗಿಂದ ಸೋರ್ತಾನೇ ಇದೆ — ಬೇಲಿಯಾಚೆ ಹೆಮ್ಲಾಕ್ ಮರದ ಅಟ್ಟಣೆಯಲ್ಲಿ ಅಣ್ಣ ವೈನೋ, ಅವನು ಬೇಟೆಗೆ ಕೂತಾಗ ಮೂಗು ಒರೆಸಿದ್ದನ್ನ ಯಾರಾದರೂ ಕಂಡಿದ್ದಾರಾ, ಅದೋ ಅವನ ಕಿತ್ತಳೆ ಟೋಪಿ, ಬೆಳಕು ಹರಿದಾಗ ಎಲ್ಲಿತ್ತೋ ಅಲ್ಲೇ, ಕೂದಲಷ್ಟೂ ಅಲುಗಿಲ್ಲ, ಭಲೇ ಮುದುಕ. ಅಪ್ಪ ಹೇಳ್ತಿದ್ದದ್ದೂ ಅದೇ, ಲೋ ಆರ್ನೆ, ಕುಂಡಿಗೇನು ಇರುವೆ ಮುತ್ತಿದೆಯೇನೋ, ನಿಮ್ಮಣ್ಣನ್ನ ನೋಡಿ ಕಲಿ, ಕೂತ ಅಂದ್ರೆ ಮರದ ಗಂಟಿನ ಹಾಗೆ ಕೂರ್ತಾನೆ. ನೋಡ್ತಾನೇ ಇದೀನಪ್ಪ, ನೋಡೋದಷ್ಟೇ ಉಳಿದಿರೋದು, ಒಂದು ಕೆಮ್ಮಿಗೆ ಅಣ್ಣತಮ್ಮಂದಿರ ಮಾತೇ ನಿಂತುಹೋಯ್ತು, ಹೇಳಿದ್ರೆ ಜನ ನಗ್ತಾರೆ, ಆರ್ನೆ ಕೆಮ್ಮಿದ, ಅಣ್ಣ ಗುರಿಯಿಟ್ಟ ಗಂಡು ಜಿಂಕೆ ಓಡಿಹೋಯ್ತು, ಸಂಜೆ ಸೌನಾದ ಬಿಸಿ ಹಬೆಯಲ್ಲಿ ಬೆವರು ಸುರಿಸ್ತಾ ಕೂತ ಗಂಡಸರ ಮುಂದೆ, ಇವನ ಬದಲು ಒಂದು ಹಸುವನ್ನ ಮರ ಹತ್ತಿಸಬಹುದಿತ್ತು ಅಂದ ವೈನೋ, ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು, ಆರ್ನೆಯೂ ನಕ್ಕುಬಿಟ್ಟಿದ್ದರೆ ಮುಗೀತಿತ್ತು, ನಗಲಿಲ್ಲ, ಅಪ್ಪ ಸಾಯುವಾಗ ಕೈ ಹಿಡಿದು ಕೂತವನು ನಾನು, ನೀನು ಜಿಂಕೆ ಕಾಯ್ತಾ ಮರದ ಮೇಲಿದ್ದೆ ಅಂದುಬಿಟ್ಟ — ವೈನೋ ಕಾದ ಕಲ್ಲಿನ ಮೇಲೆ ಚುರ್ ಅಂತ ನೀರೆರಚಿ ಎದ್ದು ಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ, ಸಣ್ಣಗೆ ಹಿಮ ಬೇರೆ, ಮೊನ್ನೆ ಅಂಗಡಿಯಲ್ಲಿ ಅತ್ತಿಗೆ ಲೆಂಪಿ ತೋಳು ಹಿಡಿದು ನಿಲ್ಲಿಸಿದಳು, ಅವನ ಎದೆ ಸರಿಯಿಲ್ಲ ಕಣೋ ಆರ್ನೆ, ಮರ ಹತ್ತಬೇಡ ಅಂದ್ರೆ ಕೇಳಲ್ಲ, ನೀನಾದ್ರೂ ಒಂದು ಮಾತು ಹೇಳು, ಮೊದಲು ಅವನೇ ಬಾಯಿ ಬಿಡ್ಲಿ ಲೆಂಪಿ ಅಂದ ಇವನು, ಥೂ, ಇಬ್ಬರೂ ಕೋಣಗಳೇ ಅಂತ ಬೈದು ಹೋದಳು. ಬೈಯಲಿ, ಬೈಯೋಕಾದರೂ ಒಬ್ಬರಿದ್ದಾರಲ್ಲ, ಮನೆಗೆ ಹೋದರೆ ಗೋಡೆ ಜೊತೆ ಮಾತಾಡಬೇಕು, ನಿಜ ಹೇಳಬೇಕೆಂದರೆ ಆರ್ನೆ ವರ್ಷವಿಡೀ ಕಾಯೋದು ಜಿಂಕೆಗಲ್ಲ, ಆ ಟೋಪಿ ಕಾಣಲಿ ಅಂತ. ಹಸಿವಾಗ್ತಿದೆ, ಅವನು ಇಳಿಯೋವರೆಗೆ ಇವನೂ ಇಳಿಯೋದಿಲ್ಲ, ಎಷ್ಟು ಹೊತ್ತು ಕೂರ್ತಾನೋ ಕೂರಲಿ — ನೀಲಿ ಹಕ್ಕಿಯೊಂದು ಬಂತು, ಕಿತ್ತಳೆ ಟೋಪಿಯ ಮೇಲೇ ಕೂತಿತು, ಕೊಕ್ಕು ಒರೆಸಿಕೊಂಡಿತು, ಅಬ್ಬಾ, ಹಕ್ಕಿ ಕೂರೋ ಹಾಗೆ ಕೂತಿದ್ದಾನಲ್ಲ, ಅಪ್ಪ ಇರಬೇಕಿತ್ತು ನೋಡೋಕೆ, ಹೊಟ್ಟೆ ಉರಿಯುತ್ತೆ, ಹೆಮ್ಮೆಯೂ ಆಗುತ್ತೆ.

ತರಗೆಲೆ ಸರ್ ಅಂತು, ಗಂಡು ಜಿಂಕೆ, ದೇವರೇ ಎಂಥಾ ಕೊಂಬು, ನೇರವಾಗಿ ಅಣ್ಣನ ಮರದ ಕೆಳಗೇ ಬಂತು, ಹೊಡಿ, ಇದು ನಿಂದೇ, ಆರ್ನೆ ಉಸಿರು ಬಿಗಿಹಿಡಿದ, ಜಿಂಕೆ ನೆಲ ಕೆರೀತು, ಕೊಂಬನ್ನ ಅದೇ ಮರಕ್ಕೆ ತಿಕ್ಕೋಕೆ ಶುರು ಮಾಡ್ತು, ಮರ ನಡುಗಿತು, ಟೋಪಿಯೂ ನಡುಗಿ ಒಂದು ಕಡೆಗೆ ವಾಲಿತು, ವಾಲಿದ್ದು ವಾಲಿದ ಹಾಗೇ — ಕಾಯ್ತಿದ್ದಾನೆ, ಇನ್ನೂ ಹತ್ತಿರ ಬರಲಿ ಅಂತ, ಇನ್ನೆಷ್ಟು ಹತ್ತಿರ, ಕಾಲ ಕೆಳಗೇ ಇದೆಯಲ್ಲೋ, ನಿದ್ದೆ ಇರಬೇಕು, ವೈನೋ ಮರದ ಮೇಲೆ ನಿದ್ದೆ ಮಾಡೋನಲ್ಲ, ಮರಕ್ಕೆ ಕಟ್ಟಿದ ಪಟ್ಟಿ ಎದೆಗೆ ಬಿಗಿದಿದೆ, ಬೀಳೋದಿಲ್ಲ, ಏನೇ ಆದರೂ ಬೀಳೋದಿಲ್ಲ, ಏನೇ ಆದರೂ — ವೈನೋ! ಇವನದೇ ದನಿ, ಬೇಟೆಗಾರ ಹಾಕಬಾರದ ಕೂಗು, ಬಿಳಿ ಬಾಲ ಎತ್ತಿ ಜಿಂಕೆ ಮಾಯ, ವೈನೋ, ಹಾಳು ಮಾಡಿದೆ ನೋಡೋ, ಬೈಯೋ, ಬಾಯಿಗೆ ಬಂದ ಹಾಗೆ ಬೈಯೋ — ವಾಲಿದ ಟೋಪಿ, ಅದರ ಮೇಲೆ ಕರಗದ ಹಿಮ, ಕೆಳಗೆ ಕೆನ್ನೆಯ ಮೇಲೂ ಕರಗದ ಹಿಮ, ಟೋಪಿ, ಕಿತ್ತಳೆ, ಕಿತ್ತಳೆ