ಗೋಡೆಯ ಮೇಲಿನ ಪಾಸ್‌ವರ್ಡ್

ಅವಳು ಹಲ್ಲಿನ ಡಾಕ್ಟರ ಹೆಂಡತಿಯ ತಂಗಿ. ಅಕ್ಕನ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಕ್ಲಿನಿಕ್ಕಿನ ನರ್ಸುಗಳೂ, ಕೊನೆಗೆ ರೋಗಿಗಳೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ತನಗಿಂತ ಇಪ್ಪತ್ತು ವರ್ಷ ದೊಡ್ಡವರು ಬಂದು, "ಚಿಕ್ಕಮ್ಮ, ನನ್ನ ಸರದಿ ಯಾವಾಗ?" ಎಂದಾಗ ಅವಳಿಗೆ ನಗು ಬರುತ್ತಿತ್ತು. ಹನ್ನೊಂದು ವರ್ಷದಿಂದ ಕ್ಲಿನಿಕ್ಕಿನ ಮುಂದಿನ ಮೇಜು ಅವಳದು. ಬೆಳಿಗ್ಗೆ ಬೀಗ ತೆಗೆಯುವುದು, ಸರದಿ ಬರೆಯುವುದು, ಫೋನು ಎತ್ತುವುದು, ಒಳಗಿನ ಯಂತ್ರದ ಸದ್ದು ಕೇಳಿ ಬಾಗಿಲಿನತ್ತ ಓಡುವ ಮಕ್ಕಳನ್ನು ಪುಸಲಾಯಿಸಿ ಕೂರಿಸುವುದು, ಎಲ್ಲ ಅವಳೇ. ಕೆಳಗೆ ಕ್ಲಿನಿಕ್ಕು, ಮೇಲೆ ಅಕ್ಕ-ಭಾವನ ಮನೆ. ಎರಡು ಬೀದಿ ಆಚೆ ಅವಳ ಒಂಟಿ ಕೋಣೆ.

ಹೊಸ ಎಕ್ಸ್‌ರೇ ಯಂತ್ರ ಬಂದ ದಿನ ಅದನ್ನು ವೈಫೈಗೆ ಜೋಡಿಸಲು ನೆಟ್‌ವರ್ಕಿನವನೊಬ್ಬ ಬಂದಿದ್ದ. ಮೂವತ್ತರ ಹರೆಯದವನು, ಮಾತು ಜಾಸ್ತಿ. ಕೆಲಸ ಮಾಡುತ್ತಲೇ ಪಾಠ ಶುರು ಮಾಡಿದ.

"ನೋಡಿ ಚಿಕ್ಕಮ್ಮ, ಈ ವೈಫೈ ಡಬ್ಬಿ ಜೊತೆ ಬಂದಿರೋ ಪಾಸ್‌ವರ್ಡ್ ಇದೆಯಲ್ಲ, ಅದು ಊರಿಗೆಲ್ಲಾ ಗೊತ್ತು. ಮೊದಲು ಅದನ್ನ ಬದಲಾಯಿಸಬೇಕು. ಆಮೇಲೆ, ರೋಗಿಗಳ ಫೋನಿಗೆ ಬೇರೆ ವೈಫೈ, ಯಂತ್ರಗಳಿಗೆ ಬೇರೆ. ಎರಡನ್ನೂ ಒಂದೇ ಕಡೆ ಸೇರಿಸಬಾರದು. ಮನೆಗೆ ಬಂದವರನ್ನ ಹೊರಗಿನ ಕೋಣೇಲಿ ಕೂರಿಸ್ತೀವಿ. ಬೀರುವಿನ ಬೀಗದಕೈ ಕೈಗೆ ಕೊಡ್ತೀವಾ?"

ಅವಳು ನಗುತ್ತಾ ನೋಟುಬುಕ್ಕು ತೆಗೆದು ಒಂದೊಂದಾಗಿ ಬರೆದುಕೊಂಡಳು. ಯಂತ್ರದ ಪಾಸ್‌ವರ್ಡು ಉದ್ದ ಇರಬೇಕು, ಯಾರಿಗೂ ಹೇಳಬಾರದು. ಎಕ್ಸ್‌ರೇ ಚಿತ್ರಗಳ ನಕಲನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಹಾಕಬೇಕು, ಹಾಕಿದ ಮೇಲೆ ಡಿಸ್ಕನ್ನು ಕಳಚಿ ಇಡಬೇಕು. ಅವಳ ಅಕ್ಷರ ದುಂಡಗೆ, ಒಂದರ ಮೇಲೊಂದು ಬೀಳದ ಹಾಗೆ. ಕೆಳಗೆ ತಾರೀಖನ್ನೂ ಹಾಕಿದಳು. ಅವಳಿಗೆ ಅದು ರೂಢಿ.

ಅಷ್ಟರಲ್ಲಿ ಭಾವ ಒಳಗಿನಿಂದ ಬಂದರು. ಹಿಂದೆಯೇ ಅಕ್ಕ, ಕಾಫಿ ಲೋಟಗಳನ್ನು ಹಿಡಿದುಕೊಂಡು.

"ಎರಡೆರಡು ಹೆಸರು, ಎರಡೆರಡು ಪಾಸ್‌ವರ್ಡು ಯಾಕಯ್ಯಾ? ಕಾಯೋರಿಗೆ ತಲೆ ಕೆಡುತ್ತೆ. ಒಂದೇ ಸಾಕು."

"ಸಾರ್, ಯಂತ್ರ ಇರೋ ಕಡೆ—"

"ಗೊತ್ತಪ್ಪ ಗೊತ್ತು. ಕ್ಲಿನಿಕ್ಕಿನ ಹೆಸರು, ಮುಂದೆ ಒಂದು ಎರಡು ಮೂರು. ಎಲ್ಲರಿಗೂ ನೆನಪಿರುತ್ತೆ." ಆಮೇಲೆ ಅವಳತ್ತ ತಿರುಗಿದರು. "ನೀನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಬಿಡಮ್ಮ. ಎಲ್ಲರೂ ಅದನ್ನೇ ಕೇಳ್ತಾರೆ. ಎದುರು ಬೀದಿ ಕ್ಲಿನಿಕ್ಕಿನವರಿಗಿಂತ ನಮ್ಮದು ಚೆನ್ನಾಗಿದೆ ಅಂತ ಫೋನಿನಲ್ಲಿ ನಾಲ್ಕು ಒಳ್ಳೆ ಮಾತು ಬರೀಲಿ."

"ಭಾವ, ಇವರು ಈಗ ತಾನೇ ಹೇಳಿದ್ರು, ಹಾಗೆ ಮಾಡಬಾರದಂತೆ."

"ಹಲ್ಲು ನಾನು ನೋಡ್ಕೋತೀನಿ, ಗೋಡೆ ನೀನು ನೋಡ್ಕೋ," ಎಂದರು ಭಾವ. ಅಕ್ಕ ಜೋರಾಗಿ ನಕ್ಕಳು. ನೆಟ್‌ವರ್ಕಿನವನೂ ನಕ್ಕ. ಕಾಫಿ ಕುಡಿದು ಹೊರಟುಹೋದ.

ಮುಂದಿನ ತಿಂಗಳು ಅವಳು ಮತ್ತೊಮ್ಮೆ ವಿಷಯ ಎತ್ತಿದಳು. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಸ್ಕನ್ನು ವಾರವಾರವೂ ಕಳಚಿ ಜೋಡಿಸುವುದು ರಗಳೆ ಎಂದು ಅದನ್ನೂ ಕಂಪ್ಯೂಟರಿಗೆ ಚುಚ್ಚಿಯೇ ಇಡಿಸಿದರು. ಅವಳು ಬರೆದು ಅಂಟಿಸಿದ ಪಾಸ್‌ವರ್ಡಿನ ಚೀಟಿ ಗೋಡೆಯ ಮೇಲೆ ಒಂದೂವರೆ ವರ್ಷ ಇತ್ತು. ಮುಂಬಾಗಿಲು ಗಾಜಿನದು. ಬೀದಿಯಲ್ಲಿ ನಿಂತವರೂ ಅದನ್ನು ಓದಬಹುದಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಕಂಪ್ಯೂಟರು ಹಾಕಿದರೆ ಪರದೆಯ ತುಂಬ ಕೆಂಪು. ನಡುವೆ ನಾಲ್ಕು ಸಾಲು: ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬೀಗದಕೈ ಕೊಡುತ್ತೇವೆ, ಇಂಥ ವಿಳಾಸಕ್ಕೆ ಬರೆಯಿರಿ. ಎಕ್ಸ್‌ರೇಗಳು, ರೋಗಿಗಳ ಚೀಟಿಗಳು, ಹನ್ನೊಂದು ವರ್ಷ ಅವಳು ಕೂತು ತುಂಬಿಸಿದ ಹೆಸರುಗಳು, ಯಾವುದೂ ತೆರೆಯಲಿಲ್ಲ. ಚುಚ್ಚಿಯೇ ಇದ್ದ ಡಿಸ್ಕೂ ಅದೇ ಗತಿ. ಎಕ್ಸ್‌ರೇ ಯಂತ್ರ ಹೊಸ ಚಿತ್ರ ತೆಗೆಯಲೂ ಒಪ್ಪಲಿಲ್ಲ.

"ಇವತ್ತಿನ ಸರದಿಯೆಲ್ಲ ಮುಂದಕ್ಕೆ ಹಾಕ್ಲಾ ಭಾವ?"

ಭಾವನ ಮುಖ ಸುಣ್ಣದ ಹಾಗಾಗಿತ್ತು. ಆದರೂ ಗತ್ತು ಬಿಡಲಿಲ್ಲ. "ತೊಳೆಯೋದು, ತುಂಬೋದು ಎಲ್ಲಾ ಮುಂದಕ್ಕೆ ಹಾಕು. ಟ್ರಂಪೆಟ್ ಮೇಷ್ಟ್ರನ್ನ ಮಾತ್ರ ಬರೋಕೆ ಹೇಳು. ಇವತ್ತು ಹಲ್ಲು ತೆಗೆದ್ರೆ ತಾನೆ ಅವರ ಕಾರ್ಯಕ್ರಮದ ಹೊತ್ತಿಗೆ ಹೊಸದು ಕೂರಿಸೋಕಾಗೋದು."

ಟ್ರಂಪೆಟ್ ಮೇಷ್ಟ್ರು ನಗರದ ಬ್ಯಾಂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಟ್ರಂಪೆಟ್ ಊದುತ್ತಿದ್ದವರು. ಸಂಜೆ ಮಕ್ಕಳಿಗೂ ಕಲಿಸುತ್ತಿದ್ದರು. ಅವರ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಒಂದರ ಬೇರು ಸೀಳಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಸೀಳು ಕಾಣುತ್ತಿದ್ದುದು ಎಕ್ಸ್‌ರೇಯಲ್ಲಿ ಮಾತ್ರ.

"ಚಿತ್ರ ಇಲ್ವಲ್ಲ ಭಾವ?"

"ನಾನೇ ನೋಡಿದ್ದೀನಿ, ನೆನಪಿದೆ. ನೀನು ಸಹಿ ಹಾಕಿಸ್ಕೋ, ಸಾಕು."

ಮೇಷ್ಟ್ರು ಹತ್ತೂವರೆಗೆ ಬಂದರು. ಅವಳು ಒಪ್ಪಿಗೆ ಪತ್ರ ಮುಂದಿಟ್ಟಳು. "ಎಲ್ಲಿ ಚಿಕ್ಕಮ್ಮ, ಇಲ್ಲೇನಾ?" ಎಂದು ಕೇಳಿ, ಅವಳು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. "ಇವತ್ತು ಯಾಕೋ ಮಂಕಾಗಿದ್ದೀರಿ?" ಎಂದೂ ಕೇಳಿದರು. "ಏನಿಲ್ಲ ಮೇಷ್ಟ್ರೆ, ನಿದ್ದೆ ಕಮ್ಮಿ," ಎಂದಳು.

ಭಾವ ಹಲ್ಲು ತೆಗೆದು ನಾಲ್ಕು ದಿನವಾದರೂ ಅವರ ನೋವು ಹೋಗಲಿಲ್ಲ. ಭಾವ ಫೋನಿನಲ್ಲೇ ಮಾತ್ರೆ ಹೇಳಿದರು. ಆರನೆಯ ದಿನ ಮೇಷ್ಟ್ರು ಎದುರು ಬೀದಿಯ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಎಕ್ಸ್‌ರೇ ತೆಗೆದರು. ಸೀಳಿದ ಹಲ್ಲು ಬಾಯಲ್ಲೇ ಇತ್ತು. ಭಾವ ಕಿತ್ತದ್ದು ಗಟ್ಟಿ ಹಲ್ಲನ್ನು. ಸೀಳಿದ್ದನ್ನೂ ತೆಗೆಯದೆ ವಿಧಿ ಇರಲಿಲ್ಲ. ಒಂದು ಹಲ್ಲು ಹೋಗಬೇಕಾದ ಕಡೆ ಎರಡು ಹೋದವು. ಮೇಷ್ಟ್ರು ದಂತವೈದ್ಯರ ಮಂಡಳಿಗೆ ದೂರು ಕೊಟ್ಟರು.

ದೂರಿನ ಕಾಗದ ಬಂದ ಮಧ್ಯಾಹ್ನ ಭಾವ ಗೋಡೆಯ ಚೀಟಿಯನ್ನು ಕಿತ್ತರು. ಅವಳು ಹರಿದು ಹಾಕುತ್ತಾರೆಂದುಕೊಂಡಳು. ಅವರು ಅದನ್ನು ಜೋಪಾನವಾಗಿ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಕಡತಕ್ಕೆ ಸೇರಿಸಿದರು. ಅವಳ ಮುಖ ನೋಡಲಿಲ್ಲ.

ಮರುದಿನ ಅಕ್ಕ ಅವಳ ಕೋಣೆಗೆ ಬಂದಳು. ಹಾಗೆಲ್ಲ ಬರುವವಳಲ್ಲ. ಮಂಚದ ಅಂಚಿಗೆ ಕೂತು ಸೆರಗಿನ ಚುಂಗು ತಿರುವುತ್ತಾ ಮಾತು ತೆಗೆದಳು.

"ಇವರ ಲೈಸೆನ್ಸು ಹೋದ್ರೆ ನಮ್ಮ ಗತಿ ಏನು ಹೇಳು. ಮಕ್ಕಳು ಇನ್ನೂ ಓದ್ತಿದ್ದಾರೆ. ನಿನಗೇನು, ಒಂಟಿ ಜೀವ. ನೀನೇ ಅಂಟಿಸಿದ್ದು ಅಂದ್ಬಿಡು. ನಾಲ್ಕು ದಿನ ಬೈತಾರೆ, ಮರೀತಾರೆ."

"ಅಂಟಿಸಿದ್ದು ನಾನೇ ಅಕ್ಕ. ಅಂಟಿಸು ಅಂದೋರು ಯಾರು?"

"ಅದನ್ನ ಯಾರು ಕೇಳ್ತಾರೆ?"

"ಕೇಳಿದ್ರೆ ಹೇಳ್ತೀನಿ. ನೀನೂ ಇದ್ದೆಯಲ್ಲ, ಕಾಫಿ ತಂದಿದ್ದೆ. ಅವರು ಗೋಡೆ ನೀನು ನೋಡ್ಕೋ ಅಂದಾಗ ನಕ್ಕಿದ್ದೆ."

ಅಕ್ಕ ಎದ್ದಳು. "ನನಗೆ ನೆನಪಿಲ್ಲಪ್ಪ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮಂಡಳಿಯ ವಿಚಾರಣೆ ಒಂದು ಉದ್ದನೆಯ ಕೋಣೆಯಲ್ಲಿ ನಡೆಯಿತು. ಮೇಜಿನ ಆಚೆ ಮೂವರು ವಯಸ್ಸಾದ ಡಾಕ್ಟರುಗಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: ಮುಂದಿನ ಮೇಜಿನವರ ಅಜಾಗರೂಕತೆಯಿಂದ ಕಳ್ಳರು ಒಳಗೆ ನುಗ್ಗಿದರು, ದಾಖಲೆ ಕಳೆಯಿತು, ಆ ಗಲಿಬಿಲಿಯಲ್ಲಿ ಹೀಗಾಯಿತು. ಮಧ್ಯದಲ್ಲಿ ಕೂತವರು ಪ್ಲಾಸ್ಟಿಕ್ ಹಾಳೆ ಎತ್ತಿ ಹಿಡಿದರು.

"ಇದು ನಿಮ್ಮ ಅಕ್ಷರ ತಾನೇ?"

"ಹೌದು ಸಾರ್. ಆದರೆ ಬರೆ ಅಂದವರು ಡಾಕ್ಟರು. ಬೇಡ ಅಂತ ನಾನು ಎರಡು ಸಲ ಹೇಳಿದೆ. ಅಲ್ಲಿ ಅಕ್ಕ ಇದ್ದಳು. ನೆಟ್‌ವರ್ಕಿನವರೂ ಇದ್ದರು. ಅವತ್ತೇ ಬರೆದುಕೊಂಡ ನೋಟುಬುಕ್ಕು ಇಲ್ಲಿದೆ, ತಾರೀಖೂ ಇದೆ."

ನೋಟುಬುಕ್ಕು ಮೂವರ ಕೈ ದಾಟಿತು. ಅಕ್ಕನನ್ನು ಕೇಳಿದರು. "ನಾನು ಕೆಳಗೆ ಇಳಿಯೋದೇ ಅಪರೂಪ," ಎಂದಳು ಅಕ್ಕ, ಕೈಚೀಲದಲ್ಲಿ ಏನನ್ನೋ ಹುಡುಕುತ್ತಾ. ನೆಟ್‌ವರ್ಕಿನವನನ್ನು ಕೇಳಿದರು. ಅವನು ಭಾವನನ್ನೊಮ್ಮೆ ನೋಡಿದ. ಊರಿನ ಅರ್ಧ ಕ್ಲಿನಿಕ್ಕುಗಳ ಕೆಲಸ ಅವನದೇ.

"ನಾನು ಎಲ್ಲಾ ಬಿಡಿಸಿ ಹೇಳಿದ್ದೆ ಸಾರ್. ಈಯಮ್ಮ ಬರೆದುಕೊಂಡ್ರು. ಡಾಕ್ಟರು ಒಳಗೆ ಹೊರಗೆ ಓಡಾಡ್ತಿದ್ರು. ಕೇಳಿಸಿಕೊಂಡ್ರೋ ಇಲ್ವೋ, ನನಗೆ ಗೊತ್ತಿಲ್ಲ."

ಮಧ್ಯದವರು ನೋಟುಬುಕ್ಕು ಮುಚ್ಚಿದರು. "ಅಂದರೆ ಇದು ತಪ್ಪು ಅಂತ ನಿಮಗೆ ಪೂರ್ತಿ ಗೊತ್ತಿತ್ತು. ಗೊತ್ತಿದ್ದೂ ಅಂಟಿಸಿದಿರಿ."

ತನ್ನನ್ನು ಕಾಯುತ್ತದೆಂದು ಎದೆಗವಚಿಕೊಂಡು ತಂದ ನೋಟುಬುಕ್ಕು ತನ್ನ ಮೇಲೇ ಸಾಕ್ಷಿ ಹೇಳಿತ್ತು.

ತೀರ್ಪು ಎರಡು ವಾರಕ್ಕೆ ಬಂತು. ಚಿತ್ರ ನೋಡದೆ ಹಲ್ಲು ತೆಗೆದದ್ದಕ್ಕೆ ಭಾವನಿಗೆ ಲಿಖಿತ ಎಚ್ಚರಿಕೆ. ಮೇಷ್ಟ್ರಿಗೆ ಎರಡು ಕಟ್ಟು ಹಲ್ಲು ಪುಕ್ಕಟೆ. ಕ್ಲಿನಿಕ್ಕಿನ ವೈಫೈಯನ್ನು ಸರಿಯಾಗಿ ಎರಡು ಮಾಡಬೇಕು, ಸಂಬಂಧಪಟ್ಟ ನೌಕರರ ಮೇಲೆ ಕ್ರಮ ಕೈಗೊಳ್ಳಬೇಕು. ಕ್ರಮ ಏನೆಂದು ಭಾವ ಅವಳಿಗೆ ಮುಖಕ್ಕೆ ಮುಖ ಕೊಟ್ಟು ಹೇಳಲಿಲ್ಲ. ಬೀಗದಕೈ ಕೊಟ್ಟು ಹೋಗಬೇಕಂತೆ ಎಂದು ನರ್ಸಿನ ಕೈಲಿ ಹೇಳಿಸಿದರು.

ಮುಂದಿನ ತಿಂಗಳು ಅವಳು ಮೇಷ್ಟ್ರ ಮನೆ ಹುಡುಕಿಕೊಂಡು ಹೋದಳು. ಅವರಾದರೂ ನಿಜ ಏನೆಂದು ತಿಳಿಯಲಿ ಎನ್ನುವುದು ಅವಳ ಆಸೆ. ಮೇಷ್ಟ್ರು ಕಿಟಕಿಯ ಬಳಿ ಕೂತಿದ್ದರು. ಮಾತಾಡುವಾಗ ಕಟ್ಟು ಹಲ್ಲು ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ಟ್ರಂಪೆಟ್ ಊದಿದರೆ ಹಲ್ಲು ಅಲುಗುತ್ತದೆ, ತುಟಿ ನಿಲ್ಲುವುದಿಲ್ಲ, ಸ್ವರ ಒಡೆಯುತ್ತದೆ ಎಂದರು. ಬ್ಯಾಂಡಿನವರು ಕೈಬಿಡಲಿಲ್ಲ. ಹಿಂದಿನ ಸಾಲಿಗೆ ಕಳಿಸಿ ಕೈಗೆ ತಾಳ ಕೊಟ್ಟಿದ್ದರು.

ಅವಳು ಕಾಫಿ ಲೋಟಗಳಿಂದ ಹಿಡಿದು ಅಕ್ಕನ ಕೈಚೀಲದವರೆಗೆ ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ನನಗೆ ಗೊತ್ತಮ್ಮ," ಎಂದರು ಕೊನೆಗೆ. "ನನ್ನ ಹಲ್ಲು ಕಿತ್ತದ್ದು ವೈಫೈ ಅಲ್ಲ. ಇಕ್ಕಳ ಹಿಡಿದ ಕೈ."

ಅವಳಿಗೆ ಕಣ್ಣು ತುಂಬಿ ಬಂತು. ಒಬ್ಬರಾದರೂ ನಂಬಿದರಲ್ಲ!

"ಆದರೆ ಒಂದು ಕೇಳ್ತೀನಿ," ಎಂದರು ಮೇಷ್ಟ್ರು. "ಆವತ್ತು ಬೆಳಿಗ್ಗೆ ಚಿತ್ರ ಇಲ್ಲ ಅಂತ ನಿಮಗೆ ಗೊತ್ತಿತ್ತು. ಕಾಗದ ಮುಂದಿಟ್ರಿ, ಬೆರಳಿಟ್ಟು ಸಹಿ ಹಾಕೋ ಜಾಗ ತೋರಿಸಿದ್ರಿ. ಯಾಕೆ ಮಂಕಾಗಿದ್ದೀರಿ ಅಂತ ನಾನೇ ಕೇಳಿದೆ. ಇವತ್ತು ಬೇಡ ಮೇಷ್ಟ್ರೆ, ಮನೆಗೆ ಹೋಗಿ ಅಂತ ಒಂದೇ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?"

ಭಾವನ ಭಯ ಎನ್ನಬಹುದಿತ್ತು, ಅನ್ನದ ಪ್ರಶ್ನೆ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿವರೆಗೆ ಬಂದು ನಿಂತವು.

"ಗೋಡೆ ವಿಷಯ ನೀವು ಎರಡು ಸಲ ಹೇಳಿದ್ರಿ. ನನ್ನ ವಿಷಯ ನನಗೇ ಒಂದು ಸಲಾನೂ ಹೇಳ್ಲಿಲ್ಲ," ಎಂದು ಮೇಷ್ಟ್ರು ಎದ್ದು ಬಾಗಿಲು ತೆರೆದು ಹಿಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ ಎಂದು ಅವಳಿಗೆ ದಾರಿಯುದ್ದಕ್ಕೂ ಅನಿಸಿತು.

ಆಮೇಲೆ ಮೂರು ಕ್ಲಿನಿಕ್ಕುಗಳಲ್ಲಿ ಕೆಲಸ ಕೇಳಿದಳು. "ಓ, ಆ ವೈಫೈಯವರಾ?" ಎಂದು ಒಂದು ಕಡೆ ಮುಖದ ಮೇಲೇ ಕೇಳಿದರು. ಕೊನೆಗೆ ಕನ್ನಡಕದ ಅಂಗಡಿಯೊಂದರ ಹಿಂಬದಿಯಲ್ಲಿ ಗಾಜು ಒರೆಸಿ ಡಬ್ಬಿಗೆ ತುಂಬುವ ಕೆಲಸ ಸಿಕ್ಕಿತು. ಅಲ್ಲಿ ಅವಳನ್ನು ಯಾರೂ ಚಿಕ್ಕಮ್ಮ ಎನ್ನುವುದಿಲ್ಲ. ಭಾವನ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ದಂತವೈದ್ಯರ ಸಭೆಗಳಲ್ಲಿ ಈಗ ಅವರೇ ಭಾಷಣಕಾರರಂತೆ. ಕ್ಲಿನಿಕ್ಕಿನ ಯಂತ್ರಗಳನ್ನು ವೈಫೈಗೆ ಸುರಕ್ಷಿತವಾಗಿ ಜೋಡಿಸುವುದು ಹೇಗೆ ಎಂದು ಅರ್ಧ ಗಂಟೆ ಮಾತಾಡುತ್ತಾರಂತೆ. ಬೀರುವಿನ ಬೀಗದಕೈ ಎಂದಾಗ ಜನ ಚಪ್ಪಾಳೆ ತಟ್ಟುತ್ತಾರಂತೆ.

ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು.

"ಚೆನ್ನಾಗಿದ್ದೀಯೇನೇ? ಮೇಲಿನ ಮನೆಗೆ ಹೊಸ ಟಿವಿ ತಂದಿದ್ದೀವಿ. ನಮ್ಮ ಮನೆ ವೈಫೈಯ ಪಾಸ್‌ವರ್ಡು ಕೇಳ್ತಿದೆ. ಆ ನೆಟ್‌ವರ್ಕಿನವನು ಹೇಳಿದ ಮೇಲೆ ಮನೇದಕ್ಕೆ ಉದ್ದದ್ದು ಹಾಕಿಕೊಟ್ಟೋಳು ನೀನೇ ಅಲ್ವಾ? ಇವರಿಗೂ ಗೊತ್ತಿಲ್ಲ."

ಅವಳು ಕೈಯಲ್ಲಿದ್ದ ಗಾಜನ್ನು ಬಟ್ಟೆಯ ಮೇಲಿಟ್ಟಳು. ಆಮೇಲೆ ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಹೇಳಿದಳು. ಒಟ್ಟು ಹದಿನಾಲ್ಕು. ಅಕ್ಕ ಬರೆದುಕೊಂಡಳು, ಎರಡು ಸಲ ತಪ್ಪಿ ತಿದ್ದಿಕೊಂಡಳು.

"ಟಿವಿ ಜೋಡಿಸಿದ ಮೇಲೆ ಇದನ್ನ ಬದಲಾಯಿಸಿಬಿಡು," ಎಂದಳು. "ಹೊರಗಿನೋರಿಗೆ ಗೊತ್ತಿರೋ ಪಾಸ್‌ವರ್ಡು ಮನೇಲಿ ಇಟ್ಕೋಬಾರದು."

"ಹೊರಗಿನೋರು ಯಾರಿದ್ದಾರೆ? ಯಾರಿಗೂ ಗೊತ್ತಿಲ್ವಲ್ಲ?"

"ನನಗೆ ಗೊತ್ತಲ್ಲ," ಎಂದಳು.

ಅಕ್ಕ ಮಾತು ತಿರುಗಿಸಿ, "ಊಟ ಆಯ್ತಾ?" ಎಂದು ಶುರು ಮಾಡಿದಳು. ಅವಳು ಫೋನು ಇಟ್ಟಳು. ಸಂಜೆಯೊಳಗೆ ಇನ್ನೂ ಅರವತ್ತು ಜೊತೆ ಗಾಜು ಒರೆಸುವುದಿತ್ತು.