ಅಜ್ಜಿ ನೋಡದ ಆಟ

ಅವಳು ಚೆಂಡನ್ನು ಎಷ್ಟು ಎತ್ತರಕ್ಕೆ ಹೊಡೆಯುತ್ತಾಳೆಂದರೆ, ಅದು ಕೆಳಗಿಳಿಯುವಷ್ಟರಲ್ಲಿ ಅಂಪೈರಿಗೆ ಗಡ್ಡ ಬೆಳೆದಿರುತ್ತದೆ. ಸುಳ್ಳೆನಿಸಿದರೆ ಅಂಪೈರನ್ನೇ ಕೇಳಿ. ಮೀಸೆ ಚಿಗುರದ ಹುಡುಗರು ಗಲ್ಲಿಯಲ್ಲಿ ಕಿಟಕಿ ಒಡೆಯುವ ವಯಸ್ಸಿಗೇ ದೇಶದ ತಂಡ ಸೇರಿದವಳು. ಅವಳ ಹೆಸರೆತ್ತಿದರೆ ಏಳು ಸಮುದ್ರದಾಚೆಯ ಬೌಲರ್‌ಗಳಿಗೂ ಚಳಿಜ್ವರ.

ಇಂಥವಳು ಸರಣಿಯ ನಡುವೆ ಬಿಡುವು ಸಿಕ್ಕಿತೆಂದು ಮನೆಗೆ ಬಂದಿದ್ದಳು. ಟಿವಿಯಲ್ಲಿ ಅವಳದೇ ಶತಕದ ಮರುಪ್ರಸಾರ. ಅಂಗಳದಲ್ಲಿ ರಬ್ಬರ್ ಚೆಂಡು ಎಸೆದೆಸೆದು ಅವಳಿಗೆ ಬ್ಯಾಟು ಹಿಡಿಯಲು ಕಲಿಸಿದ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಅಜ್ಜೀ, ಬಾ, ಪಕ್ಕದಲ್ಲಿ ಕೂತ್ಕೋ."

ಅಜ್ಜಿ ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

"ಇದೇನಮ್ಮಾ?"

ಅಮ್ಮ ನಕ್ಕಳು. "ಟಿವಿಲಿ ನೀನು ಬ್ಯಾಟ್ ಹಿಡಿದ್ರೆ ಸಾಕು, ಅತ್ತೆ ಬಚ್ಚಲು ಸೇರ್ತಾರೆ. ಈ ಸೆಂಚುರಿ ದಿನ ಒಗೆದಿದ್ದನ್ನೇ ಒಗೆದು ಒಗೆದು ನಿಮ್ಮಪ್ಪನ ನೀಲಿ ಶರ್ಟು ಬಿಳಿ ಆಗೋಯ್ತು. ನೀನು ದೇಶಕ್ಕೆ ಆಡಿದ್ದನ್ನ ಒಂದು ದಿನಾನೂ ನೋಡಿಲ್ಲ ಅವರು."

"ಯಾಕೆ?"

"ನೋಡ್ಬೇಡ ಅಂತ ನೀನೇ ಅಂದಿದ್ಯಂತಲ್ಲ."

ಅವಳಿಗೆ ಥಟ್ಟನೆ ನೆನಪಾಯಿತು. ಶಾಲೆಯ ಫೈನಲ್! ಅಂದು ಸೊನ್ನೆಗೆ ಔಟಾಗಿ ಬಂದವಳು, ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುತ್ತಿದ್ದ ಅಜ್ಜಿಯ ಮೇಲೆ ಗೆಳತಿಯರೆದುರೇ ಹರಿಹಾಯ್ದಿದ್ದಳು: "ನೀನು ನೋಡಿದ್ದಕ್ಕೇ ನಾನು ಔಟಾಗಿದ್ದು! ಇನ್ಮೇಲೆ ನೋಡ್ಲೇಬೇಡ!" ಸಂಜೆಯ ಹೊತ್ತಿಗೆ ಅವಳಿಗದು ಮರೆತೇಹೋಗಿತ್ತು. ಅಜ್ಜಿಗೆ ಮರೆತಿರಲಿಲ್ಲ.

ಅವಳು ಬಚ್ಚಲ ಬಾಗಿಲು ಬಡಿದಳು. "ಅಜ್ಜೀ, ಅವತ್ತು ಬುದ್ಧಿ ಇಲ್ದೆ ಅಂದಿದ್ದು. ಮುಂದಿನ ಮ್ಯಾಚ್‌ಗೆ ನೀನು ಬರ್ಲೇಬೇಕು."

"ಬಂದು ನಿನ್ನ ಅನ್ನಕ್ಕೆ ಕಲ್ಲು ಹಾಕ್ಲಾ? ಬರಲ್ಲಮ್ಮಾ."

"ಹಂಗಾದ್ರೆ ಅಂಗಳಕ್ಕೆ ಬಾ. ನೋಡ್ತಾ ನೋಡ್ತಾ ಒಂದು ಬಾಲ್ ಹಾಕು. ನಾನು ಔಟಾಗದಿದ್ರೆ ಬರ್ತೀಯಾ?"

ಒಳಗೆ ನೀರಿನ ಸದ್ದು ನಿಂತಿತು. ಚಿಲಕ ಸರಿಯಿತು.

ಬಕೆಟ್ಟನ್ನು ಬೋರಲು ಹಾಕಿದ್ದೇ ವಿಕೆಟ್. ಅಜ್ಜಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಕೈ ಬೀಸಲು ಹೊರಟಳು.

"ಕಣ್ಣು ಬಿಡಜ್ಜೀ!"

ಅಜ್ಜಿ ಕಣ್ಣು ಬಿಟ್ಟಳು. ಹಸಿದವರು ತಟ್ಟೆಯನ್ನು ನೋಡುವ ಹಾಗೆ ಮೊಮ್ಮಗಳನ್ನು ನೋಡಿದಳು. ಆ ನೋಟ ತಾಗಿದ್ದೇ ಮೊಮ್ಮಗಳ ಕಣ್ಣು ಮಂಜಾಯಿತು. ಬಸವನಹುಳು ಹಿಂದೆ ಹಾಕಬಹುದಾದಷ್ಟು ನಿಧಾನವಾಗಿ ಬಂದ ಚೆಂಡಿಗೆ, ಲೋಕದ ಬೌಲರ್‌ಗಳೆಲ್ಲರ ಬೆವರಿಳಿಸಿದವಳು ಗಾಳಿಯಲ್ಲಿ ಬ್ಯಾಟು ಬೀಸಿದಳು.

ಡಬ್! ಬಕೆಟ್ಟಿನ ಸದ್ದು ಬೀದಿಗೆಲ್ಲ ಕೇಳಿಸಿತು.

ಅಜ್ಜಿಯ ಮುಖ ಸಪ್ಪಗಾಯಿತು. "ನಾನು ಬಡ್ಕೊಳ್ಳಲಿಲ್ವಾ?" ಎಂದವಳೇ ಹತ್ತಿರ ಬಂದು ಸೆರಗಿನಿಂದ ಅವಳ ಕಣ್ಣೊರೆಸಿದಳು. "ಅಳ್ಬೇಡ ಮಗಾ. ಮ್ಯಾಚ್ ದಿನ ನಾನು ಬಚ್ಚಲಲ್ಲೇ ಇರ್ತೀನಿ. ನೀನು ಹೆದರ್ದೆ ಆಡು."

"ಔಟಾದ್ರೆ ಆಗ್ಲಿ, ಇನ್ನೊಂದು ಹಾಕು" ಎಂದು ಅವಳು ಚೆಂಡನ್ನು ಅಜ್ಜಿಯ ಒದ್ದೆ ಅಂಗೈಗೆ ತುರುಕಿದಳು.

ಅಜ್ಜಿ ಎಸೆದಳು. ಈ ಸಲ ಚೆಂಡು ಬ್ಯಾಟಿನ ನಡುಮಧ್ಯಕ್ಕೇ ಸಿಕ್ಕು, ಮೂರು ಮನೆ ದಾಟಿ, ಮೋಡಕ್ಕೊಂದು ತೂತು ಮಾಡಿ ಹೋಯಿತು.

"ಎಲ್ಲಿಗೆ ಹೋಯ್ತೇ?" ಅಜ್ಜಿ ಆಸೆಯಿಂದ ಕೇಳಿದಳು, ಕಣ್ಣು ಮುಚ್ಚಿಕೊಂಡೇ.