ಇಂಚಿನ ವಿಮಾನ

"ಬುಡ್ರೀ ಅದನ್ನ! ಇನ್ನೊಂದ್ ಸುತ್ತು ತಿರುಗಿಸಿದ್ರೆ ಒಳಗೇ ಕಚ್ಕೊಂಡ್ಬುಡ್ತದೆ!"

ಜಗಲಿಯ ಮೇಲೆ ಅಪ್ಪನ ಪಕ್ಕ ಕೂತಿದ್ದ ಕೋಮಲಾ ಅಳುವುದನ್ನು ಅರ್ಧಕ್ಕೇ ಬಿಟ್ಟು ಕೂಗಿದಳು. ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಮಂಡಿಯೂರಿದ್ದ ಅವಳ ಗಂಡ ರವಿಕುಮಾರ್ ಬೆಚ್ಚಿ ಕೈ ತೆಗೆದ. ಕೃಷ್ಣಗಿರಿ ಕೋರ್ಟಿನ ಗುಮಾಸ್ತ ಅವನು. ಅವನ ಪಾಲಿಗೆ ಬೋಲ್ಟು ಅಂದರೆ ಬೋಲ್ಟು. ತಿರುಗದಿದ್ದರೆ ಇನ್ನಷ್ಟು ಜೋರು ಹಾಕಬೇಕು, ಅಷ್ಟೇ.

"ಎರಡು ಸುತ್ತು ಸಲೀಸಾಗೇ ಹೋಯ್ತು ಕಣೇ. ಆಮೇಲೆ ಯಾಕೋ ನಿಂತ್ಬುಡ್ತು."

"ಎರಡು ಸುತ್ತು ಹೋಗೇ ಹೋಗ್ತದೆ. ಆ ತೂತಿನ ಎಳೆ ಇಂಚಿನ ಲೆಕ್ಕದ್ದು. ನೀವು ಹಾಕ್ತಿರೋದು ಎಂಟು ಎಂಎಂದು."

ಅಂಗಳದ ನಡುವೆ ಇದ್ದದ್ದು ವಿಮಾನ. ಬಾಗಲೂರು ಸುತ್ತಿನ ಅವರ ಜನ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಹೂವಿನ ಕಮಾನು ಕಟ್ಟಿ, ಹೆಗಲ ಮೇಲೆ ಹೊತ್ತು ಸಮಾಧಿಗೆ ನಡೆಯುತ್ತಾರೆ. ಹಾಗೆ ಕೂರಿಸುವ ಪೀಠಕ್ಕೇ ವಿಮಾನ ಎಂದು ಹೆಸರು. ಮಠದ ಹಳೆಯ ಮರದ ವಿಮಾನ ಗೆದ್ದಲು ಹಿಡಿದಾಗ ಈ ಕಬ್ಬಿಣದ್ದನ್ನು ಮಾಡಿಕೊಟ್ಟವನು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಮರಿಸ್ವಾಮಿ. ಈಗ ಹಣೆತುಂಬ ವಿಭೂತಿ ಬಳಿದುಕೊಂಡು, ಗೋಡೆಗೆ ಒರಗಿ, ಜಗಲಿಯ ಮೇಲೆ ಕೂತು ತನ್ನ ಸರದಿಗೆ ಕಾಯುತ್ತಿದ್ದವನೂ ಅವನೇ.

ಪೀಠಕ್ಕೆ ಬೆನ್ನಿನ ಹಲಗೆಯನ್ನು ಹಿಡಿದಿಡುವ ಎರಡು ಬೋಲ್ಟುಗಳಲ್ಲಿ ಒಂದು ಮಠದ ಕೊಟ್ಟಿಗೆಯಲ್ಲಿ ಎಲ್ಲೋ ಉದುರಿಹೋಗಿತ್ತು. ಕೈಯಿಟ್ಟರೆ ಹಲಗೆ ವಾಲುತ್ತಿತ್ತು. ಅದರಲ್ಲಿ ಕೂರಿಸಿ ಎತ್ತಿದರೆ ಬೀದಿಯ ಮೊದಲ ತಿರುವಿನಲ್ಲೇ ಅಪ್ಪ ಜನರ ಮೇಲೆ ಬೀಳುವುದು ಖಂಡಿತ.

ಮಠದ ಅಯ್ಯನವರು ಆಕಾಶ ನೋಡಿದರು. "ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಇದು ಆಗದಿದ್ರೆ ಆಂಬುಲೆನ್ಸ್ ಕರ್ಸಿ. ಮಲಗಿಸ್ಕೊಂಡು ಹೋಗಿ, ಅಲ್ಲೇ ಕೂರ್ಸಾನ."

ಗಂಡನ ಕಾಲ ಬಳಿ ಕೂತಿದ್ದ ಭದ್ರಮ್ಮ ತಲೆಯೆತ್ತಿದಳು. "ಊರಿನೋರನ್ನೆಲ್ಲ ಇದ್ರಾಗೆ ಕೂರ್ಸಿ ಕಳಿಸ್ದೋರು ಅವ್ರು. ಇವತ್ತು ಅವ್ರು ಮಾತ್ರ ಮಲಕ್ಕೊಂಡು ಹೋಗೋದಾ? ನಾನಿರಾಗಂಟ ಅದಾಗಾಕಿಲ್ಲ ಅಯ್ಯನೋರೆ."

ಮಾತು ಅಲ್ಲಿಗೆ ಮುಗಿಯಿತು. ಅವ್ವ ಹಟ ಹಿಡಿದರೆ ಅಪ್ಪನೇ ಗೆಲ್ಲುತ್ತಿರಲಿಲ್ಲ, ಇನ್ನು ಬೇರೆಯವರ ಮಾತೇಕೆ.

"ಶೆಡ್ಡಲ್ಲಿ ಇಂಚಿನ ಬೋಲ್ಟು ಡಬ್ಬಗಟ್ಟಲೆ ಬಿದ್ದವೆ, ತತ್ತೀನಿ," ಎಂದು ಕೋಮಲಾ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು.

*

ಇಂಚು, ಎಂಎಂ ಎರಡೂ ಬೇರೆಬೇರೆ ಜಾತಿ ಎಂದು ಅವಳಿಗೆ ತಿಳಿದದ್ದು ಡಿಪ್ಲೊಮಾ ಓದುವಾಗ. ಮೊದಲ ಸಲ ಸ್ವಂತಕ್ಕೆ ಒಂದು ಸರ್ಕ್ಯೂಟ್ ಬೋರ್ಡ್ ಮಾಡಲು ಹೊರಟಿದ್ದಳು. ನಲವತ್ತು ಕಾಲಿನ ಎಲೆಕ್ಟ್ರಾನಿಕ್ ಚಿಪ್ಪು. ಗ್ರಾಫ್ ಹಾಳೆಯ ಮೇಲೆ ಎರಡೂವರೆ ಎಂಎಂಗೆ ಒಂದರಂತೆ ಚುಕ್ಕಿಯಿಟ್ಟು, ತಾಮ್ರದ ಹಲಗೆಯಲ್ಲಿ ತೂತು ಕೊರೆದು, ಚಿಪ್ಪು ಕೂರಿಸಲು ಹೋದರೆ ಮೊದಲ ಕೆಲವು ಕಾಲು ಚೆನ್ನಾಗಿಯೇ ಇಳಿದವು. ಆಮೇಲಿನವು ತೂತಿನ ಅಂಚಿಗೆ ಬಂದವು. ಕೊನೆಯವು ತೂತನ್ನೇ ದಾಟಿ ಹೊರಗೆ ನಿಂತವು.

ಅವಳು ಕಾಲುಗಳನ್ನು ಇಕ್ಕಳದಿಂದ ಬಗ್ಗಿಸತೊಡಗಿದಳು. ಒಂದು ಮುರಿಯಿತು. ಅತ್ತೇ ಬಿಟ್ಟಳು.

ಅಪ್ಪ ಬೋರ್ಡನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದ. "ಚಿಪ್ಪು ಮಾಡೋರು ಇಂಚಿನೋರು ಕಣವ್ವಾ. ಒಂದಿಂಚನ್ನ ಹತ್ತು ಪಾಲು ಮಾಡಿ ಒಂದೊಂದ್ ಕಾಲು ಇಕ್ಕವ್ರೆ. ನಿನ್ನ ಎರಡೂವರೆಗಿಂತ ಒಂದು ಕೂದಲೆಳೆ ಜಾಸ್ತಿ. ಮೊದಲ್ನೇ ಕಾಲಲ್ಲಿ ಅದು ಕಾಣ್ಸಾಕಿಲ್ಲ."

"ಈಗ ಏನ್ ಮಾಡೋದು? ಒತ್ತಿ ಕೂರ್ಸಿದ್ರೆ?"

"ಒತ್ತಿ ಕೂರ್ಸಿದ್ದು ಎಷ್ಟ್ ದಿನ ಬಾಳ್ತದೆ? ಬ್ಯಾರೆ ಹಲಗೆ ತಕ್ಕೊ. ಹೊಸ ತೂತು ಕೊರಿ." ಅಂದು ತನ್ನ ಊಟದ ಹೊತ್ತು ಮೀರಿದ್ದನ್ನೂ ಮರೆತು ಅವಳ ಜೊತೆ ಕೂತಿದ್ದ.

ಆ ಅಪ್ಪನೇ ಈಚೆಗೆ ಒಂದು ವರ್ಷದಿಂದ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಎದೆನೋವಿಗೆ ಆಸ್ಪತ್ರೆ ಸೇರಿ ಬಂದ ಮೇಲೆ, ಕೃಷ್ಣಗಿರಿಗೆ ಬಂದು ನಾಲ್ಕು ದಿನ ಇರು, ಮೊಮ್ಮಗಳ ಜೊತೆ ಆಡಿಕೊಂಡಿರು ಎಂದು ಅವಳು ಎಷ್ಟು ಗೋಗರೆದರೂ ಒಂದೇ ರಾಗ. "ಕೆಲ್ಸ ಐತೆ ಕಣವ್ವಾ, ಮುಗಿಸ್ಕೊಂಡು ಬತ್ತೀನಿ." ರಿಟೈರ್ ಆದವನಿಗೆ, ಎದೆ ಕೈಕೊಟ್ಟವನಿಗೆ, ಅದೆಂಥ ಕೆಲಸ? ಹೋದ ವಾರ ಅದೇ ಮಾತು ಬಂದಾಗ ಅವಳಿಗೆ ತಡೆಯಲಾಗಲಿಲ್ಲ. "ನಿಂಗೆ ನಿನ್ನ ಬೋಲ್ಟುಗಳೇ ಮಕ್ಕಳು" ಎಂದು ಫೋನ್ ಕಟ್ ಮಾಡಿದ್ದಳು. ಅದೇ ಕೊನೆ.

*

ಶೆಡ್ಡಿನಲ್ಲಿ ಇಂಚಿನ ಬೋಲ್ಟು ಒಂದೂ ಇರಲಿಲ್ಲ.

ಕೋಮಲಾ ನಂಬಲಾರದೆ ಕಪಾಟುಗಳನ್ನು ಮತ್ತೆ ತಡಕಿದಳು. ಕಾರ್ಖಾನೆಯ ಹಳೆಯ ಇಂಗ್ಲಿಷ್ ಯಂತ್ರಗಳು ಗುಜರಿಗೆ ಹೋಗಿ ಎಂಎಂ ಯಂತ್ರಗಳು ಬಂದಾಗ, ಬೇಡವಾದ ಇಂಚಿನ ಬೋಲ್ಟುಗಳನ್ನೆಲ್ಲ ಅಪ್ಪ ಗುಜರಿಯವನಿಂದ ಕೊಂಡು ಮನೆಗೆ ಹೊತ್ತಿದ್ದ. ಅಲ್ಲಿಂದ ಮುಂದೆ ಅವರ ಮನೆಯಲ್ಲಿ ಉಯ್ಯಾಲೆ, ಗೇಟು, ನೀರಿನ ಮೋಟಾರು, ಅವನೇ ಜೋಡಿಸಿದ ರೇಡಿಯೊ, ಎಲ್ಲಕ್ಕೂ ಇಂಚಿನ ಬೋಲ್ಟೇ. ಒಂದು ಸಡಿಲವಾದರೂ ಹೊಸೂರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಮರಿಸ್ವಾಮಿಯೇ ಬರಬೇಕಿತ್ತು. ಈಗ ಡಬ್ಬಗಳಿದ್ದ ಕಡೆ ಧೂಳಿನಲ್ಲಿ ಗುಂಡನೆಯ ಗುರುತು ಮಾತ್ರ. ಪಕ್ಕದಲ್ಲಿ ಅಂಗಡಿಯ ಹೊಸ ರಟ್ಟಿನ ಪೆಟ್ಟಿಗೆಗಳು: ಆರು ಎಂಎಂ, ಎಂಟು ಎಂಎಂ, ಹತ್ತು ಎಂಎಂ.

"ಹುಡುಕ್ಬೇಡ ಪಾಪಾ," ಎಂದು ಹಿಂದಿನಿಂದ ದನಿ ಬಂತು. ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿ ದುಡಿದ ಮುರುಗೇಶ್. ಬಾಗಿಲಿಗೆ ಒರಗಿ ನಿಂತಿದ್ದ. "ಎಲ್ಲಾ ಗುಜರಿಗೆ ವಾಪಸ್ ಹಾಕ್ಬುಟ್ರು ಅಣ್ಣ. ನಾನೇ ಆಟೋದಲ್ಲಿ ತುಂಬ್ಕೊಂಡು ಹೋಗಿದ್ದು."

"ಗುಜರಿಗಾ? ಅಪ್ಪಾನಾ?"

"ಆಸ್ಪತ್ರೆಯಿಂದ ಬಂದ್ರಲ್ಲ, ಆವತ್ತಿಂದಾನೇ ಶುರು. ಒಂದೊಂದಾಗಿ ಮನೆಯಲ್ಲಿರೋ ಇಂಚಿನ ತೂತೆಲ್ಲ ದೊಡ್ಡದು ಮಾಡಿ, ಎಂಎಂ ಥ್ರೆಡ್ ಹಾಕಿದ್ರು. ಮೋಟಾರು, ಗೇಟು, ಉಯ್ಯಾಲೆ, ಆ ರೇಡಿಯೊ ಕೂಡ. ಉಸಿರು ಕಟ್ತಿತ್ತು, ಸ್ವಲ್ಪ ಹೊತ್ತು ಕೂತ್ಕೊಳ್ಳೋರು, ಮತ್ತೆ ಎದ್ದು ಹಿಡ್ಕೊಳ್ಳೋರು. ಎದುಕ್ಕು ಅಣ್ಣಾ, ಯಾಕೆ ಇದೆಲ್ಲ ಅಂದ್ರೆ, ನಾನ್ ಇಲ್ದಿರೋವಾಗ ಭದ್ರ ಅಂಗಡೀಗೆ ಹೋಗಿ ಬೋಲ್ಟು ಕೇಳಿದ್ರೆ ಸಿಗ್ಬೇಕಲ್ವಾ ಮುರುಗೇಶಾ ಅಂತ ಅಂದ್ರು."

ಕೋಮಲಾ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಮಗಳ ಮನೆಗೆ ಬಾರದ ಅಪ್ಪ ಮುಗಿಸಲು ಕೂತ ಕೆಲಸ ಇದಾಗಿತ್ತು. ತಾನು ಫೋನಿನಲ್ಲಿ ಅಂದ ಮಾತು ನೆನಪಾಯಿತು. ಅತ್ತಳು.

"ಎಲ್ಲಾನೂ ಮಾಡಿ ಆ ವಿಮಾನ ಒಂದನ್ನ ಯಾಕೆ ಬಿಟ್ರು ಮಾಮ? ಮರ್ತ್ರಾ?"

"ಮರೆಯೋ ಆಳಾ ಅವ್ರು? ನಂಗೊತ್ತಿಲ್ಲ. ಅಕ್ಕನ್ನೇ ಕೇಳು."

ಕೇಳಬೇಕಾಗಲಿಲ್ಲ. ಬರಿಗೈಯಲ್ಲಿ ಹೊರಬಂದ ಮಗಳ ಮುಖ ನೋಡಿಯೇ ಭದ್ರಮ್ಮ ಎಲ್ಲ ತಿಳಿದುಕೊಂಡಳು.

"ನಾನೇ ಬ್ಯಾಡ ಅಂದಿದ್ದು," ಎಂದಳು. ದನಿ ತೀರ ಸಣ್ಣದಾಗಿತ್ತು. "ಯುಗಾದಿ ಆದ್ಮ್ಯಾಕೆ ಮಠದಿಂದ ಇದನ್ನ ಎಳ್ಕೊಂಡ್ ಬಂದು ಇಲ್ಲೇ ಅಂಗಳದಾಗೆ ಇಟ್ಕೊಂಡ್ರು. ಇದೊಂದು ಬಾಕಿ ಕಣೇ ಅಂತ. ನಂಗೆ ಎದೆ ಧಸಕ್ಕಂತು. ಬದುಕಿರೋರು ಯಾಕೆ ಇದನ್ನ ಮುಟ್ತೀರ, ಮೊದ್ಲು ಮನೆಯಿಂದಾಚೆ ಹಾಕಿ ಅಂತ ರಂಪ ಮಾಡ್ದೆ. ನಕ್ಕಂಡು ವಾಪಸ್ ತಕ್ಕೊಂಡು ಹೋದ್ರು. ಆವತ್ತು ಸುಮ್ಕಿದ್ದಿದ್ರೆ..."

ಭದ್ರಮ್ಮ ಗಂಡನ ಪಂಚೆಯ ಅಂಚನ್ನು ಎಳೆದು ಸರಿಮಾಡಿದಳು.

ಆ ಹೊತ್ತಿಗೆ ಅಯ್ಯನವರು ಒಂದು ದಾರ ಹಿಡಿದು ಮರಿಸ್ವಾಮಿಯ ಪಾದದ ಉದ್ದ ತೆಗೆದುಕೊಳ್ಳುತ್ತಿದ್ದರು. ಸಮಾಧಿಯ ಉದ್ದ, ಅಗಲ, ಆಳ ಎಲ್ಲಕ್ಕೂ ಸತ್ತವರ ಪಾದವೇ ಅಳತೆ. ಮುರುಗೇಶ್ ಜೇಬಿನಿಂದ ಟೇಪು ತೆಗೆದ.

"ಸಾಮಿ, ಟೇಪ್ ಬೇಕಾ?"

"ಅದು ನಡ್ಯಾಕಿಲ್ಲಪ್ಪ. ಅವರ ಪಾದದ ಲೆಕ್ಕಾನೇ ಆಗ್ಬೇಕು."

"ಅಣ್ಣನಿಗೆ ಈ ಲೆಕ್ಕ ಹಿಡಿಸ್ತಿತ್ತು," ಎಂದು ಮುರುಗೇಶ್ ಟೇಪನ್ನು ಮತ್ತೆ ಜೇಬಿಗೆ ಹಾಕಿದ. "ಇಂಚು ಬೇಡ, ಎಂಎಂ ಬೇಡ. ಜಗಳವೇ ಇಲ್ಲ."

ಊರಿನ ಇಬ್ಬರು ಆ ದಾರ ಇಸಕೊಂಡು ಸಮಾಧಿ ಅಗೆಯುವ ಕಡೆಗೆ ಹೋದರು. ಬಿಸಿಲು ಆಗಲೇ ಎದುರು ಮನೆಯ ಗೋಡೆ ಹತ್ತಿತ್ತು.

ಕೋಮಲಾ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. "ರೀ, ಗಾಡಿ ತಗೊಂಡು ಹೋಗಿ. ಹತ್ತು ಎಂಎಂ ಬೋಲ್ಟು ಅಂತ ಕೇಳಿ, ಬೆರಳುದ್ದದ್ದು. ಶೆಡ್ಡಲ್ಲಿರೋವು ಗಿಡ್ಡ. ಯಾವ ಅಂಗಡೀಲಾದ್ರೂ ಸಿಗ್ತದೆ."

"ಎಂಟೇ ಹಿಡೀಲಿಲ್ಲ, ಹತ್ತು ಹೆಂಗೆ ಹಿಡೀತದೆ?"

"ನೀವು ತನ್ನಿ. ನಾನು ಹಿಡಿಯೋ ಹಂಗೆ ಮಾಡ್ತೀನಿ."

ಅವಳು ಶೆಡ್ಡಿನಿಂದ ಡ್ರಿಲ್ಲನ್ನೂ ತೂತಿನ ಒಳಗೆ ಬೋಲ್ಟು ಕಚ್ಚುವ ಥ್ರೆಡ್ಡಿನ ಎಳೆ ಕೊರೆಯುವ ಟ್ಯಾಪನ್ನೂ ತಂದಳು. ಅಪ್ಪ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಮುರುಗೇಶ್ ತಾನು ಮಾಡುತ್ತೇನೆಂದು ಕೈ ಚಾಚಿದ. ಅವಳು ತಲೆಯಾಡಿಸಿದಳು. ಹೆಣದ ಮುಂದೆ ಮಗಳು ಡ್ರಿಲ್ ಹಿಡಿಯುವುದನ್ನು ನೋಡಿ ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಅಯ್ಯನವರು ಕೆಮ್ಮಿದರು. ಡ್ರಿಲ್ ಕಿರುಚಿಕೊಂಡಿತು, ಆಮೇಲೆ ಯಾವ ಗುಸುಗುಸುವೂ ಕೇಳಲಿಲ್ಲ.

ಹಳೆಯ ಇಂಚಿನ ಎಳೆಗಳೆಲ್ಲ ಹೊಳೆಯುವ ಸುರುಳಿಗಳಾಗಿ ಪೀಠದ ಮೇಲೆ ಬಿದ್ದವು. ಟ್ಯಾಪ್ ಇಟ್ಟು ತಿರುಗಿಸತೊಡಗಿದಾಗ ಅದು ಬಿಗಿಯಿತು. ಎಣ್ಣೆ ಬೇಕೆಂದು ಅವಳು ಸುತ್ತ ನೋಡುವಷ್ಟರಲ್ಲಿ ಭದ್ರಮ್ಮ ಎದ್ದು ಬಂದಿದ್ದಳು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ.

"ಹೆಂಗೆ ಬುಡ್ಬೇಕು?"

"ಒಂದೊಂದು ತೊಟ್ಟು, ಅವ್ವಾ."

ಮಗಳು ಅರ್ಧ ಸುತ್ತು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ತಿರುಗಿಸುತ್ತಿದ್ದಳು. ತಾಯಿ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದಳು. ಮದುವೆಯಾದಂದಿನಿಂದ ಆ ಶೆಡ್ಡಿನ ಒಳಗೆ ಕಾಲಿಡದ ಹೆಂಗಸು ಅವಳು. ಈಗ ತೂತಿಗೆ ಕಣ್ಣು ನೆಟ್ಟು ಬಗ್ಗಿದ್ದಳು.

ರವಿಕುಮಾರ್ ತಂದ ಬೋಲ್ಟನ್ನು ಕೋಮಲಾ ಅವ್ವನ ಕೈಗೇ ಕೊಟ್ಟಳು. ಭದ್ರಮ್ಮ ಅದನ್ನು ತೂತಿಗಿಟ್ಟು ಬೆರಳಿನಲ್ಲೇ ತಿರುಗಿಸಿದಳು. ಎರಡು ಸುತ್ತು ಹೋಯಿತು. ಮೂರನೆಯದೂ ಹೋಯಿತು. ಎಲ್ಲೂ ನಿಲ್ಲದೆ ತಲೆ ಹಲಗೆಗೆ ತಾಗುವವರೆಗೂ ಇಳಿಯಿತು. ಮುರುಗೇಶ್ ಹಲಗೆ ಹಿಡಿದು ತನ್ನ ಬಲವೆಲ್ಲ ಹಾಕಿ ಅಲ್ಲಾಡಿಸಿದ. ಅದು ಜಗ್ಗಲಿಲ್ಲ.

"ಏಳಿ, ಏಳಿ, ಕೂರ್ಸಾನ," ಎಂದು ಅಯ್ಯನವರು ಅವಸರ ಮಾಡಿದರು. ಹೆಗಲ ಮೇಲಿನ ಟವೆಲು ತೆಗೆದು ಪೀಠದ ಮೇಲಿದ್ದ ಕಬ್ಬಿಣದ ಸುರುಳಿಗಳನ್ನು ಒರೆಸಲು ಬಗ್ಗಿದರು. ಭದ್ರಮ್ಮ ಅವರ ಕೈಗೆ ಅಡ್ಡ ಬಂದಳು.

"ಇರ್ಲಿ ಬುಡಿ ಅಯ್ಯನೋರೆ."

"ಚುಚ್ಚೋವು ಕಣಮ್ಮ, ಕೂರ್ಸೋ ಜಾಗ."

"ದಿನಾ ಇದನ್ನ ಮೈಗೆ ಅಂಟಿಸ್ಕೊಂಡೇ ಅಲ್ವಾ ಮನೇಗೆ ಬತ್ತಿದ್ದುದು? ಇವತ್ತು ಕೊಡವ್ಕೊಂಡು ಹೋಗಾಕೆ ಅವ್ರೇನು ಮದ್ಲಿಂಗನಾ?"

ಅಂದವಳೇ ಸೆರಗು ಬಾಯಿಗಿಟ್ಟುಕೊಂಡು, ಆ ದಿನ ಮೊದಲ ಸಲ, ಜೋರಾಗಿ ಅತ್ತಳು.

ಮರಿಸ್ವಾಮಿಯನ್ನು ಕೂರಿಸಿ ಎತ್ತಿದರು. ಬಾಗಲೂರಿನ ಬೀದಿಯ ತಿರುವಿನಲ್ಲಿ ಹೊತ್ತವರು ಒಮ್ಮೆ ತಗ್ಗಿದರು, ಒಮ್ಮೆ ಎದ್ದರು. ಅವನು ನೆಟ್ಟಗೆ ಕೂತೇ ಇದ್ದ. ಹಿಂದೆ ನಡೆಯುತ್ತಿದ್ದ ಹೆಂಡತಿಗೂ ಮಗಳಿಗೂ ಕಂಡದ್ದು, ಇಳಿಬಿಸಿಲಿನಲ್ಲಿ ಅವನ ಬಿಳಿ ಪಂಚೆಯ ಅಂಚಿಗೆ ಸಿಕ್ಕಿಕೊಂಡು ಹೊಳೆಯುತ್ತ ಹೋಗುತ್ತಿದ್ದ ಕಬ್ಬಿಣದ ಚೂರುಗಳು.